ಸೂರ್ಯೋದಯಕ್ಕೆ ಸಾಲಿನಲ್ಲಿ ಬನ್ನಿ

ನಂದಿ ಬೆಟ್ಟದ ರಸ್ತೆಯಲ್ಲಿ ಭಾನುವಾರ ವಾಹನಗಳು ಕಿಲೋಮೀಟರುಗಟ್ಟಲೆ ಸಾಲುಗಟ್ಟಿ ನಿಂತವೆಂಬ ಸುದ್ದಿ ಮತ್ತೆ ಬಂದಿದೆ. ಪತ್ರಿಕೆಗಳು ಇದನ್ನು ಪ್ರತಿ ಸಲ ಹೊಸದಾಗಿ ಬರೆಯುವ ಶ್ರಮವನ್ನೇಕೆ ತೆಗೆದುಕೊಳ್ಳುತ್ತವೆಯೋ ತಿಳಿಯದು; ದಿನಾಂಕವೊಂದನ್ನು ಬದಲಿಸಿದರೆ ಸಾಕು, ಚಿತ್ರವೂ ಹಳೆಯದೇ ನಡೆಯುತ್ತದೆ. ಬೆಂಗಳೂರಿನ ಜನ ವಾರವಿಡೀ ಹೆಬ್ಬಾಳದಲ್ಲೂ ಸಿಲ್ಕ್ ಬೋರ್ಡಿನಲ್ಲೂ ನಿಂತು ನಿಂತು ಬೇಸತ್ತು, ಆ ಬೇಸರವನ್ನು ಕಳೆಯಲೆಂದು ರಾತ್ರಿ ಮೂರಕ್ಕೆ ಎದ್ದು, ನಿದ್ದೆಗಣ್ಣಿನ ಮಕ್ಕಳನ್ನು ಹಿಂದಿನ ಸೀಟಿಗೆ ತುಂಬಿ, ಸುಮಾರು ಅರವತ್ತು ಕಿಲೋಮೀಟರು ಬಂದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಿಲ್ಲುತ್ತಾರೆ. ಇಲ್ಲಿ ನಿಲ್ಲುವುದಕ್ಕೆ ಪ್ರವಾಸ ಎಂದು ಹೆಸರು.

ಸೂರ್ಯನು ಈ ಬೆಟ್ಟದ ಎತ್ತರವಾದ 1478 ಮೀಟರಿಗಿಂತ ಕೆಳಗೆ ಎಲ್ಲಿಯೂ ಹುಟ್ಟುವುದಿಲ್ಲವೆಂಬ ನಂಬಿಕೆ ಈ ಸೀಮೆಯಲ್ಲಿ ಎಂದಿನಿಂದ ಬೇರೂರಿತೋ ಗೊತ್ತಿಲ್ಲ, ಆದರೆ ಭಕ್ತರ ಶ್ರದ್ಧೆಯನ್ನು ಮೆಚ್ಚಲೇಬೇಕು. ಬಹಳಷ್ಟು ಮಂದಿಗೆ ಅರುಣೋದಯದ ಕೆಂಪು ಮೊದಲು ದರ್ಶನವಾಗುವುದು ಮುಂದಿನ ಕಾರಿನ ಬ್ರೇಕ್ ದೀಪದಲ್ಲಿ. ಚೆಕ್‌ಪೋಸ್ಟ್ ದಾಟುವ ವೇಳೆಗೆ ನಿಜವಾದ ಸೂರ್ಯ ತನ್ನ ಕೆಲಸ ಮುಗಿಸಿ ಮೇಲೇರಿರುತ್ತಾನೆ. ಹೊತ್ತಿಗೆ ಸರಿಯಾಗಿ ಮೇಲೆ ತಲುಪಿದ ಭಾಗ್ಯವಂತರಿಗೂ ಎರಡೇ ದಾರಿ. ಮೋಡ ಮುಚ್ಚಿದ್ದರೆ ಸೂರ್ಯ ಕಾಣುವುದಿಲ್ಲ, ಆಗ ಮೋಡಗಳ ಕಡಲನ್ನು ನೋಡಿದೆವು ಎನ್ನಬೇಕು. ಮೋಡವಿಲ್ಲದಿದ್ದರೆ ಕಡಲು ಕಾಣುವುದಿಲ್ಲ, ಆಗ ಸೂರ್ಯೋದಯ ನೋಡಿದೆವು ಎನ್ನಬೇಕು. ಹೀಗಾಗಿ ನಂದಿ ಬೆಟ್ಟದಿಂದ ನಿರಾಶರಾಗಿ ಇಳಿದವರು ಇದುವರೆಗೆ ಯಾರೂ ಇಲ್ಲ. ಇದ್ದರೂ ರೀಲ್ಸ್‌ನಲ್ಲಿ ಅವರು ಸಿಗುವುದಿಲ್ಲ.

ಈ ಬೆಟ್ಟಕ್ಕೆ ಸಾಲು ಹೊಸದಲ್ಲ ಎಂಬುದನ್ನೂ ಒಪ್ಪೋಣ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ವಶದಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿ, ಕಡಿದಾದ ಇಳಿಜಾರಿನಲ್ಲಿ ಫಿರಂಗಿಗಳನ್ನು ಎಳೆಸಿ, ಸುಮಾರು ಮೂರು ವಾರ ಹೆಣಗಿ ಅಕ್ಟೋಬರಿನಲ್ಲಿ ಒಳಹೊಕ್ಕಿತು. ಲಾಂಗ್ ವೀಕೆಂಡಿನಲ್ಲಿ ನಾಲ್ಕು ಚಕ್ರದ ವಾಹನ ತಂದವರಿಗೆ ಆ ಸೈನ್ಯದ ವೇಗ ಅಷ್ಟೇನೂ ನಿಧಾನವೆನಿಸಲಾರದು. ಗಾಂಧೀಜಿ 1927ರಲ್ಲಿ ಆರೋಗ್ಯ ಕೆಟ್ಟಾಗ ವಿಶ್ರಾಂತಿಗೆಂದು ಇಲ್ಲಿಗೆ ಬಂದು ವಾರಗಟ್ಟಲೆ ಉಳಿದರು. 1936ರಲ್ಲಿ ಮತ್ತೊಮ್ಮೆ ಬಂದರು. ಆಗ ಅವರನ್ನು ಕಾಡುತ್ತಿದ್ದದ್ದು ರಕ್ತದೊತ್ತಡ. ಇಂದು ಅದೇ ಕಾಯಿಲೆಯವರನ್ನು ಭಾನುವಾರ ಬೆಳಗಿನ ಜಾವ ಈ ರಸ್ತೆಗೆ ಕಳುಹಿಸುವ ವೈದ್ಯರಿದ್ದರೆ ಅವರ ಮೇಲೆ ದೂರು ಕೊಡಬಹುದು.

ನಂದಿಯ ಐತಿಹ್ಯ ಬಲ್ಲವರಿಗೆ ಇನ್ನೊಂದು ತಮಾಷೆ ಹೊಳೆದಿರುತ್ತದೆ. ಬುಡದ ನಂದಿ ಗ್ರಾಮದಲ್ಲಿರುವ ದೇವಾಲಯದ ಪ್ರಾಕಾರದಲ್ಲಿ ಅರುಣಾಚಲೇಶ್ವರನದು ಬಾಲ್ಯ, ಭೋಗನಂದೀಶ್ವರನದು ಯೌವನ, ನಡುವಿನ ಉಮಾಮಹೇಶ್ವರನಿಗೆ ಮದುವೆ. ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲವನ್ನೂ ತೊರೆದ ವಿರಾಗಿ. ಆದ್ದರಿಂದಲೇ ಅವನಿಗೆ ಮೆರವಣಿಗೆ, ಸಂಭ್ರಮಗಳಿಲ್ಲ ಎನ್ನುತ್ತಾರೆ. ನಮ್ಮ ಪ್ರವಾಸೋದ್ಯಮ ಈ ವ್ಯವಸ್ಥೆಯನ್ನು ಯಶಸ್ವಿಯಾಗಿ ತಲೆಕೆಳಗು ಮಾಡಿದೆ. ಭೋಗವೆಲ್ಲವೂ, ಅಂದರೆ ಚಿಪ್ಸ್ ಪೊಟ್ಟಣ, ಬ್ಲೂಟೂತ್ ಸ್ಪೀಕರು, ಪೊದೆಯ ಮರೆಗೆ ಎಸೆದ ಬಿಯರ್ ಬಾಟಲಿ ಮೊದಲಾದವೆಲ್ಲವೂ, ವಿರಾಗಿಯ ಬಾಗಿಲಿಗೆ ಏರಿವೆ. ಕೆಳಗೆ ಭೋಗನಂದೀಶ್ವರನು ಯೋಗಿಯಂತೆ ಕುಳಿತಿದ್ದಾನೆ. ಒಂಬತ್ತನೆಯ ಶತಮಾನದ ಆದಿಯಿಂದ ಶಾಸನಗಳು ಅವನ ಗುಡಿಯ ಮಾತಾಡುತ್ತವೆ; ಬಾಣರ ರಾಣಿ ರತ್ನಾವಳಿಯ ಹೆಸರಿದೆ, ನೊಳಂಬರ ಹೆಸರಿದೆ; ಆಮೇಲೆ ಆಳಿದವರೆಲ್ಲ ತಮ್ಮ ಪಾಲಿನ ಕಲ್ಲನ್ನು ಸೇರಿಸುತ್ತ ಹೋಗಿದ್ದಾರೆ. ಕಪ್ಪು ಶಿಲೆಯ ಕಂಬಗಳ ಕಲ್ಯಾಣ ಮಂಟಪವಿದೆ, ನಾಲ್ಕು ಕಡೆ ಮೆಟ್ಟಿಲಿಳಿಯುವ ಶೃಂಗಿ ತೀರ್ಥವಿದೆ. ಜನ ಇಲ್ಲಿಗೆ ಬರುವುದೇ ಇಲ್ಲವೆಂದರೆ ಸುಳ್ಳಾಗುತ್ತದೆ. ಬೆಟ್ಟಕ್ಕೆ ಪ್ರವೇಶ ನಿರ್ಬಂಧಿಸಿದ ದಿನ ಪೊಲೀಸರು ಹಿಂದಕ್ಕೆ ಕಳುಹಿಸಿದವರು, ಪೆಟ್ರೋಲು ದಂಡವಾಯಿತಲ್ಲ ಎಂಬ ಸಂಕಟಕ್ಕಾದರೂ, ಇತ್ತ ತಿರುಗುತ್ತಾರೆ. ಸಾವಿರದ ಇನ್ನೂರು ವರ್ಷದ ಶಿಲ್ಪಕ್ಕೆ ಪೊಲೀಸ್ ಇಲಾಖೆಯೇ ದೊಡ್ಡ ಪ್ರಚಾರಕ.

ಉಳಿದ ಜಿಲ್ಲೆಯ ಪಾಡು ಇದಕ್ಕಿಂತ ಕೆಳಗೆ. ಬೆಳಿಗ್ಗೆ ಬೆಟ್ಟ, ಸಂಜೆ ಆವಲಗುರ್ಕಿಯ 112 ಅಡಿಯ ಆದಿಯೋಗಿ, ನಡುವಿನ ಹೊತ್ತಿಗೆ ಹೆದ್ದಾರಿಯ ಹೋಟೆಲಿನ ತಟ್ಟೆ ಇಡ್ಲಿ: ಇದು ಚಿಕ್ಕಬಳ್ಳಾಪುರ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಬೆಟ್ಟದ ಬುಡಕ್ಕೆ ಹತ್ತಿರವೇ ಇದ್ದರೂ ಸೆಪ್ಟೆಂಬರ್ 15ರಂದು ಮಾತ್ರ ನಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಹೊರಟವರ ಮೇಲೆ ಗುಂಡು ಹಾರಿತ್ತೆಂಬುದು ಶಾಲಾ ಮಕ್ಕಳಿಗೆ ಪರೀಕ್ಷೆಯ ತನಕ ನೆನಪಿರುತ್ತದೆ.

ಸರ್ಕಾರ ಸುಮ್ಮನೆ ಕುಳಿತಿದೆ ಎನ್ನುವಂತಿಲ್ಲ. 2021ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ ತಿಂಗಳುಗಟ್ಟಲೆ ಬೆಟ್ಟ ಮುಚ್ಚಿದ್ದು ನೆನಪಿರಬಹುದು. ಬೆಟ್ಟ ತಾನಾಗಿಯೇ ಸಾಕು ಎಂದ ಮೇಲೆ, ಇನ್ನಷ್ಟು ಜನರನ್ನು ಮೇಲಕ್ಕೆ ಒಯ್ಯುವುದು ಹೇಗೆಂದು ಆಳವಾಗಿ ಚಿಂತಿಸಿ, 2023ರ ವಿಧಾನಸಭಾ ಚುನಾವಣೆಗೆ ಸ್ವಲ್ಪ ಮುಂಚೆ, ರೋಪ್‌ವೇಗೆ ಶಂಕುಸ್ಥಾಪನೆ ಮಾಡಲಾಯಿತು. 2025ರ ಜುಲೈ 2ರಂದು ಇಡೀ ಸಚಿವ ಸಂಪುಟವೇ ಬೆಟ್ಟದ ಮೇಲೆ ಸಭೆ ಸೇರಿತು. ಎತ್ತರದಿಂದ ನೋಡಿದಾಗ ಊರುಗಳಿಗಿಂತ ಊರಿನ ಹೆಸರುಗಳೇ ದೊಡ್ಡದಾಗಿ ಕಾಣುತ್ತವೆಯೋ ಏನೋ: ಬಾಗೇಪಲ್ಲಿ ಭಾಗ್ಯನಗರವಾಯಿತು, ಬೆಂಗಳೂರು ಗ್ರಾಮಾಂತರವು ಬೆಂಗಳೂರು ಉತ್ತರವಾಯಿತು. ಯಾವ ಅಭಿವೃದ್ಧಿ ಕಾಮಗಾರಿಗೂ ಜಲ್ಲಿ, ಸಿಮೆಂಟು ಬೇಕು. ಹೆಸರಿಗೆ ಬಣ್ಣದ ಡಬ್ಬಿಯೊಂದಿದ್ದರೆ ಆಯಿತು.

ಜಲ್ಲಿಯ ಮಾತು ಬಂತು, ಹೇಳಿಬಿಡುತ್ತೇನೆ. ಒಂದು ಬೆಟ್ಟದ ಮುಂದೆ ನಿಂತು ನಾವು ಫೋಟೊ ತೆಗೆಸಿಕೊಳ್ಳುವ ಜಿಲ್ಲೆಯಲ್ಲೇ ಮತ್ತೊಂದು ಗುಡ್ಡಕ್ಕೆ ಸಿಡಿಮದ್ದು ಇಡುತ್ತೇವೆ. ಕ್ರಷರುಗಳ ದೂಳು ಹಿಪ್ಪುನೇರಳೆಯ ಎಲೆಯ ಮೇಲೆ ಕೂರುತ್ತದೆ, ಹುಳು ಆ ಸೊಪ್ಪನ್ನು ತಿನ್ನುವುದಿಲ್ಲ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಅದಕ್ಕೊಂದು ವಾರ ಭೇಟಿಗಳು, ಹೇಳಿಕೆಗಳು; ಆಮೇಲೆ ಮತ್ತೆ ಲಾರಿಗಳು. ಪಿನಾಕಿನಿ, ಅರ್ಕಾವತಿಗಳು ಹುಟ್ಟುವ ಈ ಬೆಟ್ಟಸಾಲಿನ ಸುತ್ತ ಸಾವಿರ ಅಡಿ ಮೀರಿ ಕೊರೆದರೂ ನೀರಿನ ಖಾತ್ರಿಯಿಲ್ಲ. ಬೆಂಗಳೂರಿಗೆ ನಮ್ಮ ಹಾಲು, ಹೂವು, ದ್ರಾಕ್ಷಿ, ಕಲ್ಲು ಹೋಗುತ್ತವೆ. ಅಲ್ಲಿಂದ ನಮಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯ ಕೊಳವೆಯಲ್ಲಿ ಎರಡು ಹಂತ ಶುದ್ಧೀಕರಿಸಿದ ಚರಂಡಿ ನೀರು ಬರುತ್ತದೆ, ವಾರಾಂತ್ಯದಲ್ಲಿ ಕಾರುಗಳು ಬರುತ್ತವೆ. ಮೂರನೆಯ ಹಂತದ ಶುದ್ಧೀಕರಣ ಮಾಡಿ ಎಂದು ಇಲ್ಲಿನವರು ವರ್ಷಗಳಿಂದ ಕೇಳುತ್ತಿದ್ದಾರೆ. ಇದರಲ್ಲಿ ನಗುವಂಥದ್ದು ಏನನ್ನೂ ನಾನು ಹುಡುಕಲಾರೆ.

ಆ ಸಾಲಿನಲ್ಲಿ ಬೆಟ್ಟದ ಬುಡದ ಹಳ್ಳಿಯ ಹೂವಿನ ಟೆಂಪೊ ಕೂಡ ಸಿಕ್ಕಿಹಾಕಿಕೊಂಡಿರುತ್ತದೆ. ಮಾರುಕಟ್ಟೆಯಲ್ಲಿ ಸೂರ್ಯ ಏರಿದಂತೆ ಸೇವಂತಿಗೆಯ ಬೆಲೆ ಇಳಿಯುತ್ತದೆ. ಸೂರ್ಯೋದಯದ ಬೆಲೆ ರೂಪಾಯಿ ಲೆಕ್ಕದಲ್ಲಿ ಗೊತ್ತಿರುವವನು ಆ ಇಡೀ ಸಾಲಿನಲ್ಲಿ ಆ ಟೆಂಪೊದವನೊಬ್ಬನೇ. ಅವನಿಗೆ ಬೇರೆ ದಾರಿ ಬಿಡಿ ಎಂದರೆ, ರೋಪ್‌ವೇ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಉತ್ತರ ಸಿದ್ಧವಿದೆ.

ಬರಲಿ, ನನ್ನ ಆಕ್ಷೇಪವಿಲ್ಲ. ಕಾರುಗಳೆಲ್ಲ ಬುಡದಲ್ಲೇ ನಿಂತು, ಟಿಕೆಟ್ಟಿಗೆ ಹೊಸ ಸಾಲು ಹುಟ್ಟಲಿ. ಬಂದ ಮೇಲೆ ಆ ಯಂತ್ರ ತಿಂಗಳಿಗೆ ಎರಡು ಭಾನುವಾರವಾದರೂ ಕೆಟ್ಟು ನಿಲ್ಲಲಿ ಎಂಬುದಷ್ಟೇ ನನ್ನ ಕೋರಿಕೆ. ಮೇಲೆ ಜನ ನೇತಾಡುತ್ತಿರುವಾಗ ಬೇಡ, ಬೆಳಗಿನ ಮೊದಲ ಸುತ್ತಿಗೆ ಮುಂಚೆಯೇ ಕೆಡಲಿ. ರಿಪೇರಿಯವರು ಬೆಂಗಳೂರಿನಿಂದಲೇ ಬರಬೇಕು, ಬರುವ ದಾರಿಯಲ್ಲಿ ಅವರೂ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿಗೆ ಮೂರು ಗಂಟೆ ಕಳೆಯುತ್ತದೆ. ಭೋಗನಂದೀಶ್ವರನ ಗುಡಿಯನ್ನು ಸಾವಕಾಶವಾಗಿ ನೋಡಲು ಅಷ್ಟು ಹೊತ್ತು ಸಾಕು.