ಬಕೆಟ್ ಹೊರುವ ಬದಲು ಕೂಲರ್ ಪಂಪ್

ಮನೆಯಲ್ಲಿ ಮೀನು ಸಾಕುವ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ, ಮೀನಿನ ತೊಟ್ಟಿಯನ್ನು ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯಬೇಕೆಂದು ಹೇಳಿರುವುದನ್ನು ದಯವಿಟ್ಟು ತಿದ್ದಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲೂ ತಳದ ಹರಳುಗಳಲ್ಲೂ ನೆಲೆಸಿರುವುದರಿಂದ, ಎಲ್ಲವನ್ನೂ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದರೆ ಅವು ಸತ್ತು, ವಿಷವಾದ ಅಮೋನಿಯಾ ನೀರಿನಲ್ಲೇ ಉಳಿದು, ಮೀನುಗಳ ಜೀವಕ್ಕೇ ಕುತ್ತು ಬರುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಿದರೆ ಸಾಕು.

ವಿಜಯಪುರದ ನಮ್ಮ ಮನೆಯಲ್ಲಿರುವುದು 60 ಲೀಟರಿನ ತೊಟ್ಟಿ. ಅಂದರೆ ವಾರಕ್ಕೆ 15 ಲೀಟರ್. ತಳದ ಕಸವನ್ನು ಪಾರದರ್ಶಕ ಪೈಪಿನಿಂದ ಸೆಳೆದು, ಆ ನೀರನ್ನು ನೇರವಾಗಿ ಅಂಗಳದ ಕರಿಬೇವಿನ ಬುಡಕ್ಕೆ ಹರಿಸುತ್ತೇನೆ. ಹೊಸ ನೀರನ್ನು ಹಿಂದಿನ ದಿನವೇ ಬಾಯಿ ತೆರೆದ ಡ್ರಮ್ಮಿನಲ್ಲಿ ತುಂಬಿಟ್ಟು, ಕ್ಲೋರಿನ್ ತೆಗೆಯುವ ದ್ರಾವಣದ ಹನಿಗಳನ್ನು ಬೆರೆಸಿ, ಇದಕ್ಕೆಂದೇ ಕೊಂಡ ಕೂಲರ್ ಪಂಪನ್ನು (ಗಾಳಿ ತಂಪು ಮಾಡುವ ಕೂಲರಿನಲ್ಲಿ ನೀರೆತ್ತುವ ಪುಟ್ಟ ಪಂಪು) ಅದರಲ್ಲಿ ಮುಳುಗಿಸಿ ನೀರನ್ನು ತೊಟ್ಟಿಗೆ ಏರಿಸುತ್ತೇನೆ. ನೀರಿಗೆ ಕೈ ಹಾಕುವ ಮೊದಲು ಪಂಪು, ಫಿಲ್ಟರು ಎರಡರ ಪ್ಲಗ್ಗನ್ನೂ ಕೀಳಲೇಬೇಕು.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ಕಾದ ನೀರನ್ನು ಯಾರೂ ನೇರವಾಗಿ ಸುರಿಯಬೇಡಿ. ಹಾಗೆ ಅವಸರ ಮಾಡಿದ ಒಂದು ಮಧ್ಯಾಹ್ನ, ನನ್ನ ಎರಡು ಕಪ್ಪು ಮೋಲಿ ಮೀನುಗಳು ಅರ್ಧ ಗಂಟೆಯಲ್ಲೇ ಮಗ್ಗುಲಾಗಿ ತೇಲಿದ್ದು ಇನ್ನೂ ಕಣ್ಣ ಮುಂದಿದೆ. ಈಗ ಎರಡೂ ನೀರಿನ ಬಿಸಿ ಒಂದೇ ಇರಲೆಂದು ಡ್ರಮ್ಮನ್ನು ತೊಟ್ಟಿಯಿರುವ ಕೋಣೆಯಲ್ಲೇ ಇಡುತ್ತೇನೆ.