ರಸ್ತೆಯಲ್ಲಿ ಕುರ್ಚಿ ಹಾಕಲು ಅರ್ಜಿ

ಇದು 2023ರ ಮೇ. ಇಂಗ್ಲೆಂಡಿನಲ್ಲಿ ಮೂರನೇ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ ಮುಗಿದು ಹತ್ತು ದಿನ ಆಯ್ತು. ನಮ್ಮ ಬೀದಿಯ ತೋರಣ ಇನ್ನೂ ಇಳಿದಿಲ್ಲ. ಇಲ್ಲಿಯವರು ಅದಕ್ಕೆ ಬಂಟಿಂಗ್ ಅನ್ನುತ್ತಾರೆ. ಕೆಂಪು, ಬಿಳಿ, ನೀಲಿ ಬಣ್ಣದ ತ್ರಿಕೋನದ ಬಟ್ಟೆ ಚೂರುಗಳು. ಮಳೆಗೆ ಕೆಂಪು ಬಣ್ಣ ಬಿಟ್ಟು ಬಿಳಿಗೆ ಹತ್ತಿದೆ. ಈಗ ಇಡೀ ಸಾಲು ಹೋಳಿ ಮುಗಿದ ಮಾರನೇ ದಿನ ಒಣಹಾಕಿದ ಬನಿಯನ್‌ಗಳ ಹಾಗೆ ಕಾಣುತ್ತದೆ. ನಿನ್ನೆ ಇಲ್ಲಿಯ ನಗರಸಭೆ, ಅಂದರೆ ಕೌನ್ಸಿಲ್‌ನಿಂದ ಇಮೇಲ್ ಬಂತು. ತೋರಣ ಕಟ್ಟಿದವರೇ ಬಿಚ್ಚಬೇಕಂತೆ. ಏಣಿ ಹತ್ತುವ ಮುಂಚೆ ಏಣಿ ಹತ್ತುವುದು ಹೇಗೆ ಅನ್ನುವ ಸೂಚನೆ ಓದಿಕೊಳ್ಳಬೇಕಂತೆ. ಲಿಂಕ್ ಕೂಡ ಕೊಟ್ಟಿದ್ದಾರೆ, ಪುಣ್ಯಾತ್ಮರು.

ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಏನಾಯಿತು ಅಂತ ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಎರಡು ಕೆಜಿಗೂ ಜಾಸ್ತಿ ತೂಕದ ಕಿರೀಟ, ನಾಲ್ಕು ಟನ್ನಿನ ಚಿನ್ನದ ಸಾರೋಟು, ಕತ್ತಿ ಹಿಡಿದು ನಿಂತೇ ಇದ್ದ ಆ ಹೆಂಗಸು. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಲಂಡನ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ನಮ್ಮ ಊರಿನಲ್ಲಿ ಪಟ್ಟಾಭಿಷೇಕ ಹೇಗಾಯಿತು ಅಂತ ಹೇಳುತ್ತೇನೆ. ಇಲ್ಲಿ ಅದು ಒಂದು ಫಾರಂನಿಂದ ಶುರುವಾಯಿತು.

ಭಾನುವಾರ ಬೀದಿಯವರೆಲ್ಲ ಒಟ್ಟಿಗೆ ಕೂತು ಊಟ ಮಾಡಬೇಕು ಅಂತ ಮೇಲಿನಿಂದ ಕರೆ ಬಂದಿತ್ತು. ಬಿಗ್ ಲಂಚ್ ಅಂತ ಹೆಸರು. ಒಳ್ಳೆಯದೇ. ಈ ಬೀದಿಗೆ ಬಂದು ಹನ್ನೊಂದು ವರ್ಷ ಆದರೂ ಮೂರನೇ ಮನೆಯವರ ಹೆಸರು ನನಗೆ ಗೊತ್ತಿಲ್ಲ. ಹಾಗಾಗಿ ಅರ್ಜಿ ಹಾಕುವ ಕೆಲಸಕ್ಕೆ ನಾನೇ ಕೈ ಎತ್ತಿದೆ. ಸಣ್ಣ ಬೀದಿ ಊಟಕ್ಕೆ ವಿಮೆ ಗಿಮೆ ಏನೂ ಬೇಡ, ಸರಳವಾಗಿ ಮುಗಿಸಿ ಅಂತ ಸರ್ಕಾರದ ವೆಬ್‌ಸೈಟೇ ಹೇಳುತ್ತದೆ. ನಮ್ಮ ಕೌನ್ಸಿಲ್ ಅದನ್ನು ಓದಿದಂತಿಲ್ಲ. ಅವರ ಫಾರಂ ಹದಿನಾಲ್ಕು ಪುಟ. ಮೇಜು ಎಲ್ಲಿ ಇಡುತ್ತೀರಿ, ನಕ್ಷೆ ಬರೆಯಿರಿ. ಫೈರ್ ಎಂಜಿನ್ ಬಂದರೆ ಮೇಜನ್ನು ಎಷ್ಟು ನಿಮಿಷದಲ್ಲಿ ಎತ್ತುತ್ತೀರಿ? ಪ್ರಾಣಿಗಳು ಭಾಗವಹಿಸುತ್ತವೆಯೇ? ಎದುರು ಮನೆಯ ನಾಯಿ ಕರೆಯದಿದ್ದರೂ ಬರುತ್ತದೆ ಅಂತ ಬರೆದೆ. ಅದಕ್ಕೆ ವಾಪಸ್ ಒಂದು ಪ್ರಶ್ನೆ ಬಂತು: ನಾಯಿಯ ಪಾತ್ರ ಏನು?

ರಸ್ತೆ ಮುಚ್ಚಿದೆ ಅನ್ನುವ ಬೋರ್ಡು, ಕಿತ್ತಳೆ ಬಣ್ಣದ ಕೋನ್‌ಗಳು ನಮ್ಮದೇ ಖರ್ಚು. ಕೌನ್ಸಿಲ್ ಧಾರಾಳವಾಗಿ ಕೊಟ್ಟ ಅನುದಾನ 100 ಪೌಂಡ್. ಬೋರ್ಡು, ಕೋನ್‌ಗಳ ಬಾಡಿಗೆ 110. ಹಬ್ಬ ಶುರುವಾಗುವ ಮುಂಚೆಯೇ ಬೀದಿ ಹತ್ತು ಪೌಂಡ್ ಸಾಲದಲ್ಲಿತ್ತು.

ಇಷ್ಟಕ್ಕೂ ರಸ್ತೆ ಮುಚ್ಚುವ ಅಧಿಕಾರ ಇವರಿಗೆ ಎಲ್ಲಿಂದ ಬಂತು? ಅನುಮತಿ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಟೌನ್ ಪೊಲೀಸ್ ಕ್ಲಾಜಸ್ ಆ್ಯಕ್ಟ್, 1847. ನಮ್ಮ ಮೈಸೂರು ಸೀಮೆಯನ್ನು ಕಬ್ಬನ್ ಸಾಹೇಬರು ಆಳುತ್ತಿದ್ದ ಕಾಲದ್ದು. ರಾತ್ರಿ ನಿದ್ದೆ ಬಾರದೆ ಅದನ್ನು ಪೂರ್ತಿ ಓದಿದೆ. ಏನು ಸೊಗಸಾದ ಕಾಯ್ದೆ ಅಂತೀರಿ! ಬೀದಿಯಲ್ಲಿ ಗಾಳಿಪಟ ಹಾರಿಸಿ ಜನರಿಗೆ ತೊಂದರೆ ಕೊಟ್ಟರೆ ತಪ್ಪು. ಸುಮ್ನೆ ಯಾರದೋ ಮನೆ ಬೆಲ್ ಒತ್ತಿ ಓಡಿದರೆ ತಪ್ಪು. ಜಮಖಾನ ಕೊಡವಿದರೆ ತಪ್ಪು. ಆದರೆ ಬಾಗಿಲ ಮುಂದಿನ ಕಾಲೊರೆಸುವ ಚಾಪೆಯನ್ನು ಬೆಳಗ್ಗೆ ಎಂಟರೊಳಗೆ ಕೊಡವಬಹುದು. ಇನ್ನೊಂದಿದೆ, ಕೇಳಿ. ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದೂ ತಪ್ಪು.

ಅಂದರೆ ಹಗ್ಗಕ್ಕೆ ನನ್ನ ಪಂಚೆ ಹಾಕಿದರೆ ಅಪರಾಧ. ಅದೇ ಪಂಚೆಯನ್ನು ತ್ರಿಕೋನವಾಗಿ ಕತ್ತರಿಸಿ ಹಾಕಿದರೆ ರಾಜಭಕ್ತಿ.

ನಮ್ಮೂರಿನಲ್ಲಿ ಗಣೇಶನ ಪೆಂಡಾಲ್ ಹೇಗೆ ಏಳುತ್ತದೆ ಅಂತ ನೆನೆದು ನಗು ಬಂತು. ರಾತ್ರಿ ಮಲಗುವಾಗ ರಸ್ತೆ ಇರುತ್ತದೆ. ಬೆಳಗ್ಗೆ ಎದ್ದರೆ ನಾಲ್ಕು ಬೊಂಬು, ಒಂದು ತಗಡು, ಎದೆ ನಡುಗಿಸುವ ಸ್ಪೀಕರ್. ಈಗೀಗ ಅಲ್ಲೂ ಅನುಮತಿ, ಠೇವಣಿ ಅಂತ ಬಂದಿದೆ ಬಿಡಿ. ಆದರೂ ಪೆಂಡಾಲ್ ಮೊದಲು ಏಳುತ್ತದೆ, ಕಾಗದ ಆಮೇಲೆ ಬರುತ್ತದೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಆ ಸ್ಪೀಕರ್ ಪಕ್ಕದ ಮನೆಯಲ್ಲಿದ್ದು ಪಿಯುಸಿ ಪರೀಕ್ಷೆಗೆ ಓದಿದವನು ನಾನು. ಆದರೆ ನಾಯಿಯ ಪಾತ್ರ ಏನು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಎದುರು ಮನೆಯ ಅಜ್ಜಿಗೆ, ಅದೇ ನಾಯಿಯ ಅಜ್ಜಿಗೆ, 1953ರ ಪಟ್ಟಾಭಿಷೇಕ ಚೆನ್ನಾಗಿ ನೆನಪಿದೆ. ಆಗ ಅವರಿಗೆ ಎಂಟು ವರ್ಷ. ಯುದ್ಧ ಮುಗಿದು ಎಷ್ಟು ವರ್ಷವಾದರೂ ರೇಷನ್ ಮುಗಿದಿರಲಿಲ್ಲ. ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ಅಂತ ಪ್ರತಿಯೊಬ್ಬರಿಗೂ ಒಂದು ಪೌಂಡ್ ಸಕ್ಕರೆ ಜಾಸ್ತಿ ಕೊಟ್ಟಿದ್ದರು. "ಆಗ ಸಕ್ಕರೆ ಕೊಟ್ಟರು, ಈ ಸಲ ಫಾರಂ ಕೊಟ್ಟರು" ಅಂದರು ಅಜ್ಜಿ. ಸಿಟ್ಟಿನಿಂದೇನೂ ಅಲ್ಲ. ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದರು.

ಸಕ್ಕರೆ ಇಲ್ಲದಿದ್ದರೇನು, ಅರಮನೆಯಿಂದ ಅಡುಗೆಯ ವಿಧಾನ ಬಂತಲ್ಲ. ಕಾರೊನೇಷನ್ ಕೀಶ್. ಕಡುಬೂ ಅಲ್ಲ, ಕೇಕೂ ಅಲ್ಲ, ಹಿಟ್ಟಿನ ಬಟ್ಟಲಿನಲ್ಲಿ ಮೊಟ್ಟೆ, ಚೀಸ್ ಹುಯ್ದು ಬೇಯಿಸಿದ ಪದಾರ್ಥ. ಪಾಲಕ್ ಸೊಪ್ಪು, ನಮ್ಮ ಅವರೆಕಾಳಿನ ದೂರದ ನೆಂಟನಂಥ ಬ್ರಾಡ್ ಬೀನ್ಸ್, ಟ್ಯಾರಗನ್ ಅನ್ನುವ ಸೊಪ್ಪು. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದ್ದು ಅಂತ ನನ್ನ ಹೆಂಡತಿ ಖುಷಿಯಾಗಿ ಪೂರ್ತಿ ಓದಿದಳು. "ರೀ, ಹಿಟ್ಟು ಕಲಸೋಕೆ ಹಂದಿ ಕೊಬ್ಬು 25 ಗ್ರಾಂ ಅಂತ ಇದೆ!" ಮೇಲೆ ಪಾಲಕ್, ಕೆಳಗೆ ಹಂದಿ. ಎಲ್ಲ ಧರ್ಮಗಳ ರಕ್ಷಕನಾಗುತ್ತೇನೆ ಅಂದಿದ್ದ ದೊರೆಯ ಕೀಶ್ ಇದು. ಅವಳು ಚಿತ್ರಾನ್ನ ಮಾಡಿದಳು. ಖಾಲಿಯಾದ ಮೊದಲ ಪಾತ್ರೆ ಅದೇ.

ಈ ದೇಶದಲ್ಲಿ ಕಳೆದ ನವೆಂಬರಿನಲ್ಲಿ ಅಂಗಡಿಗಳಲ್ಲಿ ಮೊಟ್ಟೆಗೆ ಬರ. ಫೆಬ್ರುವರಿಯಲ್ಲಿ ಟೊಮೆಟೊಗೆ ಬರ, ಒಬ್ಬರಿಗೆ ಮೂರೇ ಪ್ಯಾಕೆಟ್ ಅಂತ ಬೋರ್ಡು ಹಾಕಿದ್ದರು. ಟೊಮೆಟೊ ಇಲ್ಲದಿದ್ದರೆ ಟರ್ನಿಪ್ ಗೆಡ್ಡೆ ಇದೆಯಲ್ಲ ಅನ್ನುವ ಧಾಟಿಯಲ್ಲಿ ಪಾರ್ಲಿಮೆಂಟಿನಲ್ಲಿ ಮಾತಾಡಿದರು ಮಂತ್ರಿ ಥೆರೀಸ್ ಕಾಫಿ. ಮಾರ್ಚ್ ಹೊತ್ತಿಗೆ ದಿನಸಿಯ ಬೆಲೆ ಒಂದು ವರ್ಷದಲ್ಲಿ ಶೇಕಡಾ 19 ಏರಿತ್ತು. ಆಮೇಲೆ ಏಪ್ರಿಲ್‌ನಲ್ಲಿ ಕೀಶ್ ಬಂತು.

ಅಮ್ಮ ತುಮಕೂರಿನಿಂದ ಫೋನ್ ಮಾಡಿದ್ದಳು. ಟೀವಿಯಲ್ಲಿ ಎಲ್ಲ ನೋಡಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಊಟ ಚೆನ್ನಾಗಿತ್ತೇನೋ?"

"ಊಟ ನಾವೇ ಮಾಡಿಕೊಂಡು ಹೋಗೋದು ಕಣಮ್ಮ."

"ಪಟ್ಟಾಭಿಷೇಕಕ್ಕೆ? ರಾಜ ಊಟ ಹಾಕಲ್ವಾ?"

"ಇಲ್ಲ."

"ಮತ್ತೆ ಅದೆಂಥ ರಾಜನೋ!"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಊಟ ಹಾಕಿದ್ದೂ ಇದೆ, ಇಲ್ಲ ಅನ್ನೋ ಹಾಗಿಲ್ಲ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಗೆ ಪಟ್ಟಾಭಿಷೇಕಕ್ಕೆ ಎರಡು ದಿನ ಮುಂಚೆ ಅಪೆಂಡಿಕ್ಸ್ ಆಪರೇಷನ್ ಆಯ್ತು. ಸಮಾರಂಭ ಮುಂದೆ ಹೋಯ್ತು. ಔತಣಕ್ಕೆ ತಯಾರಾಗಿದ್ದ ಭಕ್ಷ್ಯಗಳು ಲಂಡನ್ನಿನ ಬಡವರ ಪಾಲಾದವು. ರಾಜನ ಹೊಟ್ಟೆ ಕೆಟ್ಟಾಗ ಬಡವರ ಹೊಟ್ಟೆ ತುಂಬಿತು.

ನಮ್ಮ ಹುಬ್ಬಳ್ಳಿ ಅಳಿಯಂದಿರು, ಪ್ರಧಾನಿ ರಿಷಿ ಸುನಕ್ ಕೂಡ ಡೌನಿಂಗ್ ಸ್ಟ್ರೀಟಿನಲ್ಲಿ ಮೇಜು ಹಾಕಿಸಿ ಬಿಗ್ ಲಂಚ್ ಮಾಡಿಸಿದರು. ಜಿಲ್ ಬೈಡನ್ ಬಂದಿದ್ದರು. ಆ ರಸ್ತೆಗೆ 1989ರಿಂದ ಕಬ್ಬಿಣದ ಗೇಟೇ ಇದೆ. ಕೋನ್ ಬಾಡಿಗೆ ಉಳಿಯಿತು.

ಇನ್ನೊಂದು ಸೊಗಸು ನೋಡಿ. ಮೇ 4ರ ಗುರುವಾರ ಇಂಗ್ಲೆಂಡಿನ ಬಹುಪಾಲು ಕಡೆ ಕೌನ್ಸಿಲ್ ಚುನಾವಣೆ, ಮೇ 6ಕ್ಕೆ ಪಟ್ಟಾಭಿಷೇಕ. ಹಾಗಾಗಿ ಏಪ್ರಿಲ್ ಪೂರ್ತಿ ನಮ್ಮ ಕೌನ್ಸಿಲರ್ ಸಾಹೇಬರು ಬೀದಿ ಬೀದಿಗೆ ಬಂದು ತೋರಣದ ಜೊತೆ ಫೋಟೊ ತೆಗೆಸಿಕೊಂಡರು. ಗುಂಡಿಯ ಬಗ್ಗೆ ಕೇಳಿದೆ. ರಸ್ತೆಯ ಗುಂಡಿ ಕೌಂಟಿಯವರದು, ಅಂದರೆ ಜಿಲ್ಲಾ ಆಡಳಿತದವರದು, ಕಸ ಮಾತ್ರ ನಮ್ಮದು ಅಂದರು. ಕೌಂಟಿಯವರನ್ನು ಕೇಳಿದರೆ, ನಾಲ್ಕು ಸೆಂಟಿಮೀಟರ್ ಆಳ ಇಲ್ಲದಿದ್ದರೆ ಅದು ಗುಂಡಿಯೇ ಅಲ್ಲವಂತೆ. ನಮ್ಮದು ಮೂರೂವರೆ ಇದೆ, ಮಗನ ಸ್ಕೇಲ್ ಇಟ್ಟು ಅಳೆದಿದ್ದೇನೆ. ಇನ್ನೊಂದು ಮಳೆಗಾಲ ಕಾದರೆ ಪಾಸಾಗುತ್ತದೆ. ಭಾನುವಾರ ಊಟಕ್ಕೆ ಖಂಡಿತ ಬರುತ್ತೇನೆ ಅಂತ ಸಾಹೇಬರು ಮಾತು ಕೊಟ್ಟಿದ್ದರು. ಗುರುವಾರ ಸೋತರು. ಭಾನುವಾರ ಬರಲಿಲ್ಲ. ಅವರಿಗೆ ಇಟ್ಟಿದ್ದ ಕುರ್ಚಿಯಲ್ಲಿ ನಾಯಿ ಕೂತಿತ್ತು. ಪಾತ್ರ ಸಿಕ್ಕಿತು ಅದಕ್ಕೆ.

ಶನಿವಾರ ಕೌನ್ಸಿಲಿನವರು ಪಾರ್ಕಿನಲ್ಲಿ ದೊಡ್ಡ ಪರದೆ ಹಾಕಿದ್ದರು. ಮಳೆ ಸುರಿಯಿತು. ಛತ್ರಿ ಹಿಡಿದ ನಲವತ್ತು ಜನ, ಪರದೆಯಲ್ಲೂ ಛತ್ರಿ ಹಿಡಿದ ಜನ. ಎದುರುಬದುರು ನಿಂತು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದ ಹಾಗಿತ್ತು. ಪಾರ್ಕಿನ ಶೌಚಾಲಯಕ್ಕೆ ಮೂರು ವರ್ಷದಿಂದ ಬೀಗ.

ಎದುರು ಮನೆ ಅಜ್ಜಿಯ ವಿಷಯ ಪೂರ್ತಿ ಹೇಳಲಿಲ್ಲ. ಈ ಚಳಿಗಾಲದಲ್ಲಿ ಅವರು ದಿನಾ ಬೆಳಗ್ಗೆ ಲೈಬ್ರರಿಗೆ ಹೋಗುತ್ತಿದ್ದರು. ಓದೋದಕ್ಕಲ್ಲ. ಮನೆಯಲ್ಲಿ ಹೀಟರ್ ಹಾಕಿದರೆ ಬಿಲ್ ಕಟ್ಟೋದಕ್ಕೆ ಆಗುವುದಿಲ್ಲ ಅಂತ. ಇಂಥ ಜಾಗಗಳಿಗೆ ಇಲ್ಲಿ ವಾರ್ಮ್ ಬ್ಯಾಂಕ್ ಅಂತ ಹೆಸರು. ಬೆಚ್ಚಗಿರುವುದಕ್ಕೂ ಬ್ಯಾಂಕು! ಜನವರಿಯಲ್ಲಿ ದುಡ್ಡಿಲ್ಲ ಅಂತ ಕೌಂಟಿ ಕೌನ್ಸಿಲ್ ಲೈಬ್ರರಿಯನ್ನು ವಾರಕ್ಕೆ ಮೂರೇ ದಿನ ಮಾಡಿತು. ಮಿಕ್ಕ ನಾಲ್ಕು ದಿನ ಅಜ್ಜಿ ಬಸ್ಸಿನಲ್ಲಿ ಕೂರುತ್ತಿದ್ದರು. ಹಿರಿಯರಿಗೆ ಬಸ್ ಪಾಸ್ ಇದೆ, ಬಸ್ಸಿನಲ್ಲಿ ಹೀಟರ್ ಇದೆ. ಎಂಟು ವರ್ಷದ ಹುಡುಗಿಯಾಗಿದ್ದಾಗ ಒಂದು ರಾಣಿಗೆ ಧ್ವಜ ಬೀಸಿ, ಆ ರಾಣಿಯ ಆಳ್ವಿಕೆಯಲ್ಲೇ ಜೀವಮಾನವೆಲ್ಲ ದುಡಿದು ತೆರಿಗೆ ಕಟ್ಟಿದ ಹೆಂಗಸು ಚಳಿ ತಡೆಯೋದಕ್ಕೆ ಬಸ್ಸಿನಲ್ಲಿ ಊರು ಸುತ್ತುತ್ತಾರೆ. ಇದರಲ್ಲಿ ತಮಾಷೆ ಹುಡುಕಿದೆ, ಸಿಗಲಿಲ್ಲ.

ಲೈಬ್ರರಿಗೆ ದುಡ್ಡಿಲ್ಲ ನಿಜ, ಫೋಟೊಗೆ ಇದೆ. ಕೌನ್ಸಿಲ್, ಶಾಲೆ, ಕೋರ್ಟು, ಪೊಲೀಸ್ ಕಚೇರಿಗಳು ಕೇಳಿದರೆ ಹೊಸ ರಾಜನ ಚೌಕಟ್ಟು ಹಾಕಿದ ಫೋಟೊ ಪುಕ್ಕಟೆ ಕೊಡುವ ಯೋಜನೆಯನ್ನು ಏಪ್ರಿಲ್‌ನಲ್ಲಿ ಸರ್ಕಾರ ಹೇಳಿತು. 80 ಲಕ್ಷ ಪೌಂಡ್. ಕೌನ್ಸಿಲ್‌ಗಳ ಗತಿ ಎಲ್ಲ ಕಡೆ ಇದೇ. ದಿವಾಳಿಯಾದ ಕ್ರಾಯ್ಡನ್ ಕೌನ್ಸಿಲ್ ಅದೇ ತಿಂಗಳು ತೆರಿಗೆಯನ್ನು ಶೇಕಡಾ 15 ಏರಿಸಿತು. ಸ್ಲೌ, ಥರಕ್ ಶೇಕಡಾ 10. ಗೋಡೆ ಬೀಳುತ್ತಿದ್ದರೂ ಮೊಳೆ ಹೊಡೆಯೋದಕ್ಕೆ ಜಾಗ ಹುಡುಕಬೇಕು ಇನ್ನು.

ಇವರೆಲ್ಲರಲ್ಲಿ ಕಷ್ಟಪಟ್ಟವರು ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲಿನವರು. ಅವರಿಗೆ ನೈಟ್ ಸ್ಟಾರ್ಸ್ ಅನ್ನುವ ಸ್ವಯಂಸೇವಕರ ತಂಡವಿದೆ. ರಾತ್ರಿ ಹೊತ್ತು ಕುಡಿದು ತೂರಾಡುವವರಿಗೆ ನೀರು, ಚಪ್ಪಲಿ, ಒಂಟಿ ಹೆಂಗಸರಿಗೆ ಆಪತ್ತಿನಲ್ಲಿ ಕೂಗುವ ಅಲಾರಂ ಕೊಡುವವರು. ಪಟ್ಟಾಭಿಷೇಕದ ದಿನ ಬೆಳಗಿನ ಜಾವ ಎರಡು ಗಂಟೆಗೆ ಅವರಲ್ಲಿ ಮೂವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಯಾಕೆ? ಅಲಾರಂ ಸದ್ದಿಗೆ ರಾಜನ ಮೆರವಣಿಗೆಯ ಕುದುರೆ ಬೆದರಬಹುದಂತೆ. ಈ ತಂಡ ಕೆಲಸ ಮಾಡುವುದೇ ಪೊಲೀಸರ ಜೊತೆ ಸೇರಿ! ರಾಜ ಬೇಡ ಅಂತ ಬೋರ್ಡು ಹಿಡಿಯಲು ಬಂದಿದ್ದ ರಿಪಬ್ಲಿಕ್ ಸಂಘದ ಆರು ಜನರನ್ನೂ ಒಳಗೆ ಹಾಕಿದರು. ಬೋರ್ಡು ಕಟ್ಟುವ ಪಟ್ಟಿ ಸಿಕ್ಕಿತು ಅಂತ. ಅದಕ್ಕೆ ಬೇಕಾದ ಕಾಯ್ದೆಗೆ ನಾಲ್ಕು ದಿನ ಮುಂಚೆಯಷ್ಟೇ ರಾಜನ ಅಂಕಿತ ಬಿದ್ದಿತ್ತು. ಆಮೇಲೆ ಪೊಲೀಸರು ವಿಷಾದ ಸೂಚಿಸಿದರು. ವಿಷಾದಕ್ಕೆ ಫಾರಂ ಬೇಕಾಗಲಿಲ್ಲ ಅನ್ನಿಸುತ್ತೆ.

ಸೋಮವಾರ ರಜೆ. ಸುಮ್ನೆ ಮಲಗಲು ಬಿಟ್ಟರೇ? ಬಿಗ್ ಹೆಲ್ಪ್ ಔಟ್ ಅಂತೆ. ಎಲ್ಲರೂ ಮನೆಯಿಂದ ಹೊರಬಂದು ಊರ ಸೇವೆ ಮಾಡಬೇಕು. ನಮ್ಮ ಕೌನ್ಸಿಲ್ ಕಳಿಸಿದ ಪಟ್ಟಿಯಲ್ಲಿ ಪಾರ್ಕಿನ ಕಸ ಹೆಕ್ಕುವುದು, ಲೈಬ್ರರಿಯ ಬೇಲಿಗೆ ಬಣ್ಣ ಹೊಡೆಯುವುದು ಇತ್ತು. ಎರಡು ವರ್ಷದ ಹಿಂದೆ ಈ ಕೆಲಸಕ್ಕೆ ಸಂಬಳದವರು ಇದ್ದರು. ರಾಜನ ಹೆಸರಿನಲ್ಲಿ ಕೂಲಿ ಇಲ್ಲದೆ ಪ್ರಜೆಗಳು ಮಾಡುವ ಕೆಲಸಕ್ಕೆ ನಮ್ಮ ಹಳೆಯ ಶಾಸನಗಳಲ್ಲೇ ಒಂದು ಮಾತಿದೆ: ಬಿಟ್ಟಿ. ಇಂಗ್ಲಿಷಿನವರಿಗೆ ಅದಕ್ಕೆ ಮೂರು ಪದ ಬೇಕಾಯಿತು.

ಕರ್ನಾಟಕದಲ್ಲಿ ಮೇ 13ರ ಶನಿವಾರ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂದು, ಇವತ್ತಿಗೂ ಯಾರಿಗೆ ಮುಖ್ಯಮಂತ್ರಿ ಪಟ್ಟಾಭಿಷೇಕ ಅಂತ ಗೊತ್ತಾಗದೆ ಟೀವಿಯವರು ಬೆಂಗಳೂರಿನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರ ಮನೆಗಳ ಗೇಟಿನ ಮುಂದೆ ಕೂತಿದ್ದಾರಂತೆ. ಇಲ್ಲಿ ಯುವರಾಜ 70 ವರ್ಷ ಕಾದ ಸ್ವಾಮಿ. ತಾಳ್ಮೆ ಇರಲಿ.

ಇವತ್ತು ಸಂಜೆ ಮಳೆ ನಿಂತಾಗ ಏಣಿ ತಂದೆ. ಸೂಚನೆ ಓದಲಿಲ್ಲ. ಕೆಳಗೆ ಅಜ್ಜಿ ಹಿಡಿದುಕೊಂಡರು, ನಾಯಿ ನೋಡಿಕೊಂಡಿತು. ಬಟ್ಟೆ ಚೂರುಗಳನ್ನು ಬಿನ್‌ಗೆ ಹಾಕಿದೆ. ಹಗ್ಗ ಮಾತ್ರ ಗಟ್ಟಿ ಇತ್ತು. ನನ್ನವಳು ಅದನ್ನು ಹಿತ್ತಲಿನಲ್ಲಿ ಕಟ್ಟಿ ನನ್ನ ಪಂಚೆ ಒಣಹಾಕಿದ್ದಾಳೆ. ಹಿತ್ತಲಿಗೆ 1847ರ ಕಾಯ್ದೆ ಬರೋದಿಲ್ಲ ಅಂದುಕೊಂಡಿದ್ದೇನೆ.