ಫ್ಯಾನ್ ನಿಂತಾಗ ಕಾಣುವ ದಾನಿಗಳು

ನಮ್ಮ ಕಡೆಯ ವೃದ್ಧಾಶ್ರಮಗಳಲ್ಲಿ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರು ಬರೆಸುತ್ತಾರೆ. ಒಂದು ರೆಕ್ಕೆಗೆ ಯಜಮಾನರ ಹೆಸರು, ಇನ್ನೊಂದಕ್ಕೆ ಮನೆಯವರದು, ಮೂರನೆಯದಕ್ಕೆ ಊರಿನದು. ಫ್ಯಾನ್ ತಿರುಗುವಾಗ ಒಂದಕ್ಷರ ಓದಲು ಬರುವುದಿಲ್ಲ. ಕರೆಂಟ್ ಹೋದರೆ ಮಾತ್ರ ಎಲ್ಲ ಸ್ಪಷ್ಟ. ವಿಜಯಪುರದ ಬೇಸಿಗೆಯಲ್ಲಿ ಪವರ್ ಕಟ್‌ನಿಂದ ಖುಷಿಪಡುವವರು ಯಾರಾದರೂ ಇದ್ದರೆ ಈ ದಾನಿಗಳೇ ಇರಬೇಕು.

ಕಳೆದ ಮೇ ತಿಂಗಳಲ್ಲಿ ಆ ಹೆಸರುಗಳನ್ನು ಓದುವ ಪುಣ್ಯ ನನಗೂ ಸಿಕ್ಕಿತು. ಊರ ಅಂಚಿನ ಒಂದು ಆಶ್ರಮದಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ನಾನು ಹೋದಾಗ ಮಧ್ಯಾಹ್ನ ಎರಡು ಗಂಟೆ, ಹೊರಗೆ 42 ಡಿಗ್ರಿ. ಹೊಸ್ತಿಲು ದಾಟಿದೆ, ಕರೆಂಟ್ ಹೋಯಿತು.

"ಟಿಸಿ, ಅಂದ್ರ ಟ್ರಾನ್ಸ್‌ಫಾರ್ಮರ್, ಸುಟ್ಟೈತಂತ್ರೀ" ಎಂದರು ಮ್ಯಾನೇಜರ್, ಮಳೆ ಬಂತು ಅನ್ನುವಷ್ಟು ಆರಾಮಾಗಿ.

"ಜನರೇಟರ್ ಇಲ್ಲೇನ್ರಿ?"

"ಐತ್ರೀ! ಬರ್ರಿ, ತೋರಸ್ತೀನಿ."

ಹಿತ್ತಲಲ್ಲಿ ತಗಡಿನ ಶೆಡ್ಡು, ಅದಕ್ಕೊಂದು ಬೀಗ. ಒಳಗೆ ಜನರೇಟರ್. ಕಳೆದ ಖಂಡೇನವಮಿಯ ಚೆಂಡು ಹೂವಿನ ಮಾಲೆ ಒಣಗಿ ಅದರ ಕೊರಳಲ್ಲೇ ಇತ್ತು. ಮೈ ತುಂಬಾ ಕುಂಕುಮ, ವಿಭೂತಿ. ಮುಂದೆ ಕಲ್ಲಿನ ಫಲಕ, ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಗೌರವ ಉಪಸ್ಥಿತಿಯವರು. ನಾನು ಭಕ್ತಿಯಿಂದ ಕೈ ಮುಗಿದೆ.

"ಚಾಲೂ ಮಾಡ್ರಿ ಮತ್ತ."

"ಬ್ಯಾಟರಿ ಇಳದೈತ್ರಿ."

"ಚಾರ್ಜ್ ಮಾಡ್ರಿ."

"ಅದಕ್ಕ ಕರೆಂಟ್ ಬೇಕಲ್ರಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡೀಸೆಲ್ ಎಷ್ಟಿದೆ ಅಂತ ಕೇಳಿದೆ. ಅದೂ ಇಲ್ಲವಂತೆ. ಮಷೀನು ಕೊಡಲು ದಾನಿಗಳು ಸಾಲುಗಟ್ಟುತ್ತಾರೆ, ಡೀಸೆಲ್ ಕೊಡಲು ಒಬ್ಬರೂ ಬರುವುದಿಲ್ಲ. ಸರಿ ಅಲ್ವಾ? ಡೀಸೆಲ್ ಮೇಲೆ ಹೆಸರು ಬರೆಸುವುದಾದರೂ ಹೇಗೆ?

"ಇನ್‌ಸ್ಪೆಕ್ಷನ್‌ದಾಗ ಮಾತ್ರ ಪಾಸಾಗೈತ್ರಿ" ಎಂದರು ಮ್ಯಾನೇಜರ್. ಸಾಹೇಬರು ಬಂದದ್ದು ಕರೆಂಟ್ ಇದ್ದ ದಿನ. ಜನರೇಟರ್ ಇದೆಯೇ? ಇದೆ. ಟಿಕ್. ಅದು ಚಾಲೂ ಆಗುತ್ತದೆಯೇ ಅನ್ನುವ ಕಾಲಂ ಆ ಫಾರಂನಲ್ಲಿ ಇರಲಿಲ್ಲವಂತೆ.

ಇಷ್ಟಾದರೂ ಆಫೀಸಿನಲ್ಲಿ ಒಂದು ಇನ್ವರ್ಟರ್ ಗುಂಯ್ ಅನ್ನುತ್ತಿತ್ತು. 150 ಎಎಚ್ ಬ್ಯಾಟರಿ. ಅದರ ಮೇಲೆ ಕಂಪ್ಯೂಟರ್ ಮತ್ತು ಸಿಸಿಟಿವಿ. ಹಾಗಾಗಿ ಅಜ್ಜಂದಿರು ಬೆವರುವುದು ಒಂದು ನಿಮಿಷವೂ ತಪ್ಪದೆ ರೆಕಾರ್ಡ್ ಆಗುತ್ತಿತ್ತು. ಆಚೆ ಕೋಣೆಯಲ್ಲಿ ಒಬ್ಬ ಅಜ್ಜನ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮಷೀನು, ನಿಂತಿತ್ತು, ಕೊನೆಗೆ ಸಿಲಿಂಡರ್ ಹುಡುಕಿ ತಂದರು. ನಿಮಿಷಕ್ಕೆ ಐದು ಲೀಟರ್ ಕೊಡುವ ಕಾನ್ಸಂಟ್ರೇಟರ್ ಎಳೆಯುವುದು ಸುಮಾರು 350 ವ್ಯಾಟ್. ಆ ಇನ್ವರ್ಟರಿನ ವಯರು ಅತ್ತ ತಿರುಗಿಸಿದ್ದರೆ ಮೂರು ಗಂಟೆ ಓಡುತ್ತಿತ್ತು. ಪಕ್ಕದ ಮಂಚದಲ್ಲಿ ಬೆನ್ನು ಹುಣ್ಣಾಗದಿರಲೆಂದು ಹಾಕಿದ್ದ ಏರ್ ಬೆಡ್ಡು ಪಂಪು ನಿಂತು ಮೆಲ್ಲಗೆ ಚಪ್ಪಟೆಯಾಗುತ್ತಿತ್ತು. ಫ್ರಿಜ್ಜಿನಲ್ಲಿ ಇನ್ಸುಲಿನ್ ಬೆಚ್ಚಗಾಗುತ್ತಿತ್ತು.

ಆಯಾ ಒಬ್ಬಳು ದಪ್ಪ ರಟ್ಟಿನಿಂದ ಒಬ್ಬೊಬ್ಬರಿಗೇ ಗಾಳಿ ಬೀಸುತ್ತಿದ್ದಳು. ಇಸಿದುಕೊಂಡು ನೋಡಿದೆ. ಜನರೇಟರ್ ಉದ್ಘಾಟನೆಯ ಆಮಂತ್ರಣ ಪತ್ರಿಕೆ. ಆ ಜನರೇಟರ್ ಇವತ್ತಿನವರೆಗೆ ಕೊಟ್ಟ ಗಾಳಿ ಅದೊಂದೇ.

ಅಮೆರಿಕದ ಫ್ಲೋರಿಡಾದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬಂತು. ಒಂದು ನರ್ಸಿಂಗ್ ಹೋಮ್‌ನಲ್ಲಿ ಏಸಿ ನಿಂತು, ಸೆಖೆಗೆ 12 ಮಂದಿ ಹಿರಿಯರು ತೀರಿಕೊಂಡರು. ಪಕ್ಕದಲ್ಲೇ ಇದ್ದ ದೊಡ್ಡ ಆಸ್ಪತ್ರೆಯಲ್ಲಿ ಕರೆಂಟ್ ಇತ್ತು. ಮರುವರ್ಷ ಅಲ್ಲಿ ಕಾನೂನೇ ಆಯಿತು. ಇಂಥ ಮನೆಗಳಲ್ಲಿ ಜನರೇಟರ್ ಇರಬೇಕು, 96 ಗಂಟೆ ನಡೆಸುವ ವ್ಯವಸ್ಥೆ ಇರಬೇಕು, ಒಳಗಿನ ಶಾಖ ಸುಮಾರು 27 ಡಿಗ್ರಿ ದಾಟಬಾರದು. 27 ಡಿಗ್ರಿ! ಅಷ್ಟಕ್ಕೆ ಇಳಿದರೆ ನಮ್ಮ ದೊಡ್ಡವ್ವ ಸ್ವೆಟರ್ ಕೇಳುತ್ತಾಳೆ.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮಿನ ಪ್ರಕಾರ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ಗತಿಯಿಲ್ಲದ ಹಿರಿಯರಿಗಾಗಿ, ಸರ್ಕಾರ ವೃದ್ಧಾಶ್ರಮ ಸ್ಥಾಪಿಸಬಹುದು. ಸ್ಥಾಪಿಸಬೇಕು ಅಂತಲ್ಲ, ಬಹುದು. ನಮ್ಮ ಜನರೇಟರ್ ಕೂಡ ಹಾಗೇ, ಚಾಲೂ ಆಗಬಹುದು.

ಕತ್ತಲಾಗುತ್ತಾ ಬಂತು. ಪಕ್ಕದ ಕಲ್ಯಾಣ ಮಂಟಪದಲ್ಲಿ ಎರಡು ಜನರೇಟರ್ ಒಟ್ಟಿಗೆ ಗುಡುಗಿದವು. ಅಲ್ಲಿ ಡೀಸೆಲ್ಲೂ ಇತ್ತು, ಡಿಜೆಯೂ ಇತ್ತು.

"ತಮ್ಮಾ, ಆಲಮಟ್ಟ್ಯಾಗ ಕರೆಂಟ್ ಮಾಡ್ತಾರಲ್ಲೋ?" ಎಂದಳು ದೊಡ್ಡವ್ವ. ಮಾಡ್ತಾರವ್ವ, 290 ಮೆಗಾವ್ಯಾಟ್. ಕೂಡಗಿಯ ಕಲ್ಲಿದ್ದಲು ಸ್ಥಾವರದಲ್ಲಿ 2,400. ಎರಡೂ ನಮ್ಮ ಜಿಲ್ಲೆಯಲ್ಲೇ.

"ಹಂಗಾರ ನಮಗ್ಯಾಕ ಬರವಲ್ದು?"

ನಾನು ಸುಮ್ನೆ ಫ್ಯಾನ್ ನೋಡಿದೆ. ಅವಳೂ ನೋಡಿದಳು. ಇಳಿವಯಸ್ಸಿನಲ್ಲಿ ಅಕ್ಷರ ಕಲಿತವಳು, ಸಿಕ್ಕದ್ದೆಲ್ಲ ಕೂಡಿಸಿ ಕೂಡಿಸಿ ಓದುವ ಚಟ. ನನ್ನ ಮೊಬೈಲ್ ಬೆಳಕಿನಲ್ಲಿ ಯಜಮಾನರನ್ನು ಮುಗಿಸಿ, ಮನೆಯವರನ್ನು ದಾಟಿ, ಮೂರನೇ ರೆಕ್ಕೆಗೆ ಬಂದಿದ್ದಳು. ಅಷ್ಟರಲ್ಲಿ ಕರೆಂಟ್ ಬಂತು.

"ಅಯ್ಯ, ಯಾವೂರಂತ ಓದೂದ್ರಾಗ ಬಂತ್ ನೋಡು!"